ಓದಿ ಹೇಳದ ಕಾಗದ

1984ರಲ್ಲಿ ನಾನು ಮಾನ್ವಿ ತಾಲ್ಲೂಕಿನ ಸರ್ವೇಯರ್ ಆಗಿದ್ದೆ. ಹೊಲ ಅಳೆಯುವುದು, ಕಳೆದುಹೋದ ಗಡಿಗುರುತಿನ ಬಾಂದಕಲ್ಲು ಹುಡುಕುವುದು, ನಕಾಶೆ ಬರೆಯುವುದು ನನ್ನ ನೌಕರಿ. ಆದರೆ ರಾಯಚೂರಿನ ಕಚೇರಿಗಳು ನನ್ನನ್ನು ಹೆಚ್ಚಾಗಿ ಕರೆಯುತ್ತಿದ್ದುದು ಇನ್ನೊಂದು ಕೆಲಸಕ್ಕೆ. ನಿಜಾಮರ ಕಾಲದ ಕಂದಾಯ ದಾಖಲೆಗಳೆಲ್ಲ ಉರ್ದುವಿನಲ್ಲಿದ್ದವು. ಅಚ್ಚಿನ ಉರ್ದು ಓದುವವರು ನಮ್ಮ ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ದಫ್ತರದಲ್ಲಿದ್ದದ್ದು ಮಾತ್ರ ಶಿಕಸ್ತಾ ಎಂಬ ಓಟದ ಬರಹ. ಅದರಲ್ಲಿ ಚುಕ್ಕಿಗಳಿರುವುದಿಲ್ಲ, ಅಕ್ಷರಗಳು ಒಂದರ ಮೈಮೇಲೆ ಒಂದು ಬಿದ್ದಿರುತ್ತವೆ. ಅದನ್ನು ಓದುವುದು ನನಗೆ ನನ್ನ ತಂದೆಯಿಂದ ಬಂದ ವಿದ್ಯೆ. ಮಾನ್ವಿ ತಹಸೀಲ್ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕುಳಿತು ಜನರ ಅರ್ಜಿ, ಕರಾರುಪತ್ರ ಬರೆದು ಸಂಸಾರ ಸಾಕಿದವರು ಅವರು. ನಾನು ಈ ಪ್ರಕರಣಕ್ಕೆ ಕೈ ಹಾಕುವ ಹೊತ್ತಿಗೆ ಅವರು ತೀರಿಕೊಂಡು ಎಂಟು ವರ್ಷವಾಗಿತ್ತು.

ಆಗ ಹೊಸ ಕಾಯ್ದೆಯೊಂದರ ಕೆಲಸ ಜೋರಾಗಿ ನಡೆದಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಷರತ್ತಿನ ಮೇಲೆ ಕೊಟ್ಟ ಜಮೀನು ಷರತ್ತು ಮೀರಿ ಬೇರೆಯವರ ಪಾಲಾಗಿದ್ದರೆ ಅದನ್ನು ಬಿಡಿಸಿ ಮೂಲದವರಿಗೆ ಕೊಡಬಹುದು ಎನ್ನುವ 1978ರ ಕಾಯ್ದೆ. ವಿಚಾರಣೆ ನಡೆಸುವ ಅಧಿಕಾರ ರಾಯಚೂರಿನ ಅಸಿಸ್ಟೆಂಟ್ ಕಮಿಷನರ್ ಅವರದು. ಜನ ಅವರನ್ನು ಎ.ಸಿ. ಸಾಹೇಬರು ಎನ್ನುತ್ತಿದ್ದರು. ಕಾಯ್ದೆಯ ಪುಸ್ತಕದಲ್ಲಿ ಇದೆಲ್ಲ ಸರಳ. ನಮ್ಮ ತಾಲ್ಲೂಕಿನ ಹೊಲದಲ್ಲಿ ನಿಂತು ನೋಡಿದರೆ ಸರಳವಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿಯ ಒಣ ಎರೆಭೂಮಿ ಭತ್ತದ ಗದ್ದೆಯಾಯಿತು. ಆಂಧ್ರದ ಕಡೆಯಿಂದ ಬಂದ ರೈತರು ಭೂಮಿ ಕೊಂಡು ಅಲ್ಲಲ್ಲಿ ನೆಲೆಸಿದರು. ಅವರ ವಸತಿಗಳಿಗೆ ಕ್ಯಾಂಪ್ ಎಂದೇ ಹೆಸರು. ಹೀಗೆ ಒಂದೇ ಹೊಲಕ್ಕೆ ಅದನ್ನು ಕಳೆದುಕೊಂಡವರು, ಮಾರಿದವರು, ಕೊಂಡು ಬೆವರು ಸುರಿಸಿದವರು ಎಂದು ಮೂರು ಮೂರು ಮಂದಿ ಇರುತ್ತಿದ್ದರು.

ನಾನು ಹೇಳುವ ಹೊಲ ಪೋತ್ನಾಳದ ಹತ್ತಿರದ ಒಂದು ಊರಿನದು. ಊರ ಹೆಸರು ಬೇಡ. ಏಳು ಎಕರೆ ಇಪ್ಪತ್ತು ಗುಂಟೆ. ದೇವದುರ್ಗದ ಆಚೆ ಗುಡ್ಡದ ಬುಡದ ದೊಡ್ಡಿ ಎಂದು ಕರೆಯುವ ಒಂದು ಪುಟ್ಟ ಹಟ್ಟಿಯಲ್ಲಿದ್ದ ಅಮರಮ್ಮ ಎಂಬ ಹೆಂಗಸು, ಅದು ತನ್ನ ಅಪ್ಪನಿಗೆ ಸರ್ಕಾರ ಕೊಟ್ಟ ಜಮೀನೆಂದು ಅರ್ಜಿ ಹಾಕಿದ್ದಳು. ಆಕೆ ಬೇಡರ ಪೈಕಿ. ಹಿಂದೊಮ್ಮೆ ಈ ಸೀಮೆಯ ಅಡವಿ, ಗುಡ್ಡ, ಬೇಟೆಯ ದಾರಿಗಳೆಲ್ಲ ಯಾರ ಕಾಲ ಕೆಳಗಿದ್ದವೋ ಆ ಜನ. ಅರ್ಜಿಯ ಜೊತೆ ಆಕೆಯ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಹಳೆಯ ದಾಖಲೆ ಹುಡುಕಿ, ಜಮೀನು ಅಳೆದು ವರದಿ ಕೊಡಬೇಕೆಂದು ಎ.ಸಿ. ಕಚೇರಿಯಿಂದ ನನಗೆ ಆದೇಶ ಬಂತು.

ರಾಯಚೂರಿನ ದಾಖಲೆ ಕೋಣೆಯಲ್ಲಿ ನಾಲ್ಕು ದಿನ ಧೂಳು ತಿಂದ ಮೇಲೆ ಲಾವಣಿ ಪಟ್ಟಾದ ರಿಜಿಸ್ಟರ್ ಸಿಕ್ಕಿತು. ಸರ್ಕಾರದ ಬೀಳು ಭೂಮಿಯನ್ನು ಉಳುಮೆಗೆ ಕೊಡುವಾಗ ಬರೆಯುತ್ತಿದ್ದ ಹಕ್ಕುಪತ್ರವೇ ಲಾವಣಿ ಪಟ್ಟಾ. ಇದು ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷದ್ದು. ಹೊಲದ ನಂಬರು ಸರಿ, ವಿಸ್ತೀರ್ಣ ಸರಿ. ಪಡೆದವನು ತಿಮ್ಮಣ್ಣ ನಾಯಕ. ಬದಿಯಲ್ಲಿ ಷರತ್ತು: ಮಾರಕೂಡದು, ಒತ್ತಿ ಇಡಕೂಡದು, ಯಾರಿಗೂ ಬಿಟ್ಟುಕೊಡಕೂಡದು. ನನಗೆ ಖುಷಿಯಾಯಿತು. ಆದರೆ ಕುಲದ ಅಂಕಣದಲ್ಲಿ ಕಣ್ಣಿಟ್ಟಾಗ ಕೈ ನಿಂತಿತು. ಅಲ್ಲಿ ‘ಬೇಡರ್’ ಎಂದಿತ್ತು.

ಇದರ ಗೋಜಲನ್ನು ಇಂದಿನವರಿಗೆ ಬಿಡಿಸಿ ಹೇಳಬೇಕು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಆಗ ‘ನಾಯಕ’ ಎಂಬ ಹೆಸರಿತ್ತು, ‘ಬೇಡ’ ಎಂಬ ಹೆಸರಿರಲಿಲ್ಲ. ಇಬ್ಬರೂ ಒಂದೇ ಎಂದು ಊರಿಗೆಲ್ಲ ಗೊತ್ತು, ಪಟ್ಟಿಗೆ ಮಾತ್ರ ಗೊತ್ತಿರಲಿಲ್ಲ. ಎದುರು ಪಕ್ಷದ ವಕೀಲನಿಗೆ ಆ ಒಂದು ಪದ ಸಾಕಾಗಿತ್ತು. ಹೊಲ ಅಮರಮ್ಮನ ಅಪ್ಪನದೆಂದು ಸಾಬೀತು ಮಾಡುವ ಕಾಗದವೇ ಆಕೆಯನ್ನು ಕಾಯ್ದೆಯ ಹೊರಗೆ ನಿಲ್ಲಿಸುತ್ತಿತ್ತು.

ಕೋಣೆಯ ಹಿರಿಯ ಗುಮಾಸ್ತರು ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಅವರೇ ಹೇಳಿದರು: “ಖಾದರ್ ಸಾಹೇಬ್ರ, ಹೆಸರಿನಾಗ ನಾಯಕ ಅಂತ ಅದ ಅಲ್ಲ? ಕುಲದ ಕಾಲಂನಾಗೂ ನಾಯಕ ಅಂತ ತರ್ಜುಮೆ ಮಾಡಿ ಬಿಡ್ರಿ. ಇದನ್ನ ಓದಾವ್ರು ಯಾರು ಅದಾರ ಈಗ? ಬಡವ್ರಿಗೆ ಅನುಕೂಲ ಆಗ್ತದ.”

ನಿರ್ಧರಿಸುವ ಮೊದಲು ಅಮರಮ್ಮನನ್ನೊಮ್ಮೆ ಕಾಣಬೇಕೆನಿಸಿತು. ನಕಲು ಮಾಡಿಕೊಂಡು ದೇವದುರ್ಗದ ಬಸ್ಸು ಹತ್ತಿದೆ.

ದೇವದುರ್ಗದಿಂದ ದೊಡ್ಡಿಗೆ ಎರಡು ತಾಸಿನ ನಡಿಗೆ. ಹನ್ನೆರಡು ಮನೆ, ಸುತ್ತ ಬಂಡೆಗಲ್ಲು, ಅಲ್ಲೊಂದು ಇಲ್ಲೊಂದು ತುಂಡು ಸಜ್ಜೆ ಹೊಲ. ಅಮರಮ್ಮ ಕುರಿಹಟ್ಟಿಯ ಗೋಡೆಗೆ ಕಲ್ಲು ಜೋಡಿಸುತ್ತಿದ್ದಳು. ಐವತ್ತರ ಹತ್ತಿರದ ವಯಸ್ಸು, ಎತ್ತರದ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿತ್ತು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ, ಈಗ ತಮ್ಮನ ಸಂಸಾರದ ಜೊತೆಗಿದ್ದಳು.

“ಬರ್ರಿ ಸಾಹೇಬ್ರ, ಕುಂದರ್ರಿ. ಅಳ್ಯಾಕ ಬಂದೀರೇನು? ಇಲ್ಲಿ ಅಳೀಬೇಕಂದ್ರ ಕಲ್ಲು ಬಿಟ್ರ ಏನೂ ಇಲ್ಲ” ಎಂದು ಕಂಬಳಿ ಹಾಸಿ ಅಂಬಲಿ ಕೊಟ್ಟಳು.

ಆಮೇಲೆ ತನ್ನ ಕತೆ ಹೇಳಿದಳು. ಆಕೆ ಮೈನೆರೆದ ವರ್ಷ ಕಾಲುವೆ ಇಲಾಖೆಯವರು ಹೊಲಗಳಲ್ಲಿ ಕೆಂಪು ಗೂಟ ನೆಟ್ಟರಂತೆ. ಆಗಿನ ಊರ ಗೌಡ ಅಪ್ಪನನ್ನು ಕರೆಸಿ, ಈ ಹೊಲ ಕಾಲುವೆಯ ಬಾಯಿಗೆ ಹೋಗುತ್ತದೆ, ಇದನ್ನು ಬಿಟ್ಟರೆ ಸರ್ಕಾರ ಬೇರೆ ಹೊಲ ಕೊಡುತ್ತದೆ, ಹೆಬ್ಬೆಟ್ಟು ಒತ್ತು ಅಂದನಂತೆ. ಅಪ್ಪ ಒತ್ತಿದ. ವರ್ಷ ಕಾದ. ಬೇರೆ ಹೊಲ ಬರಲಿಲ್ಲ. ಹೊಲಕ್ಕೆ ಹೋದರೆ ಆಳು ಬಿಟ್ಟು ಓಡಿಸಿದರು. ಕೊನೆಗೆ ಹೆಂಡತಿಯ ತವರಾದ ಈ ದೊಡ್ಡಿಗೆ ಸಂಸಾರ ಕಟ್ಟಿಕೊಂಡು ಬಂದ. ಕಾಲುವೆ ಹಾದುಹೋದದ್ದು ಆ ಹೊಲದಿಂದ ಅರ್ಧ ಮೈಲು ಆಚೆ.

“ಅವನು ಸಾಯೋ ತನಕ ಒಂದ ಮಾತು ಅಂದಾನ್ರಿ. ಕಾಲುವಿ ನುಂಗಲಿಲ್ಲವ್ವಾ, ಕಾಗದ ನುಂಗ್ತು ಅಂತ.”

ನಾನು ನಕಲು ತೆಗೆದು ತಿಮ್ಮಣ್ಣನ ಹೆಸರು, ಅವನ ತಂದೆಯ ಹೆಸರು, ಹೊಲದ ನಾಲ್ಕೂ ದಿಕ್ಕಿನ ಎಲ್ಲೆ ಹೇಳುವ ಚೆಕ್ಕುಬಂದಿ ಎಲ್ಲ ಓದಿದೆ. ಆಕೆ ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದು ಕೇಳಿಸಿಕೊಂಡಳು, ದೇವರ ಮುಂದೆ ಕೂತವರಂತೆ. ಅನಂತರ ಆ ಒಂದು ಪದದ ತೊಡಕು ತಿಳಿಸಿದೆ. ಅದನ್ನು ನಾಯಕ ಎಂದು ಓದಿದರೆ ದಾರಿ ಸುಗಮ, ಬೇಡರ್ ಎಂದು ಓದಿದರೆ ಸೋಲಬಹುದು ಎಂದೂ ಹೇಳಿದೆ. ಒಳಗೊಳಗೆ, ಹೇಗಾದರೂ ಓದಿ ಎಂದು ಆಕೆಯೇ ಹೇಳಲಿ, ನನ್ನ ಭಾರ ಇಳಿಯಲಿ ಎಂಬ ಆಸೆ ನನಗಿತ್ತು.

ಅಮರಮ್ಮ ನನ್ನ ಕೈಯಲ್ಲಿದ್ದ ನಕಲಿನ ಕಡೆ ಬೆರಳು ತೋರಿಸಿದಳು.

“ನಾಯಕ ಅಂದ್ರೂ ನಾವ, ಬೇಡ ಅಂದ್ರೂ ನಾವ. ಆದ್ರ ಕಾಗದದಾಗ ಏನು ಅದ ಅದನ್ನ ಓದ್ರಿ. ನಮ್ಮಪ್ಪಗ ಕಾಗದ ಸುಳ್ಳು ಹೇಳಿ ಹೊಲ ಕಸಗೊಂಡ್ರು. ನನಗ ಕಾಗದ ಸುಳ್ಳು ಓದಿ ಹೊಲ ಕೊಡಬ್ಯಾಡ್ರಿ.”

“ಸೋತರೆ?”

“ಸೋತ್ರ ಮತ್ತ ಬರ್ತೀನಿ. ಕಾಲು ಅದಾವ.”

ಹದಿನಾರು ವರ್ಷದ ನೌಕರಿಯಲ್ಲಿ ನನಗೆ ಮೇಲಿನವರು ಕೊಟ್ಟ ಎಷ್ಟೋ ಆದೇಶಗಳಿದ್ದವು. ಯಾವುದೂ ಇಷ್ಟು ಖಡಕ್ಕಾಗಿರಲಿಲ್ಲ.

ಅಳತೆಗೆ ಮೇ ತಿಂಗಳು ಗೊತ್ತುಮಾಡಿದೆ. ಕಾಲುವೆಯ ನೀರು ನಿಂತಿರುತ್ತದೆ, ಗದ್ದೆ ಒಣಗಿ ಬಿರಿದಿರುತ್ತದೆ, ಸರಪಳಿ ಎಳೆಯಲು ಸಲೀಸು. ಸರ್ವೇ ಸರಪಳಿ ಎಂದರೆ ಮೂವತ್ತಮೂರು ಅಡಿಯ ಕಬ್ಬಿಣದ ಕೊಂಡಿಗಳ ಸಾಲು. ಆ ಹೊಲ ಮಾಡುತ್ತಿದ್ದವರು ಸುಬ್ಬಯ್ಯ, ಗೋದಾವರಿ ಕಡೆಯ ರೈತ, ಅರವತ್ತು ದಾಟಿದವರು. ಗೌಡನಿಂದ ಕೊಂಡು ಇಪ್ಪತ್ತು ವರ್ಷವಾಗಿತ್ತು. ಹಳೆಯ ಗೌಡ ಸತ್ತಿದ್ದ. ಅವನ ಮಗ ವೀರಭದ್ರಪ್ಪ ಮಾನ್ವಿಯಲ್ಲಿ ಅಕ್ಕಿಯ ಮಿಲ್ಲು ಇಟ್ಟುಕೊಂಡು ಸಾಹುಕಾರನಾಗಿದ್ದ. ಆ ಕ್ಯಾಂಪಿನ ಬಹುಪಾಲು ಜಮೀನು ಗೌಡನ ಮನೆಯಿಂದಲೇ ಮಾರಾಟವಾದದ್ದು. ಹೀಗಾಗಿ ಒಂದು ಹೊಲ ಅಲುಗಿದರೆ ತಮ್ಮೆಲ್ಲರ ಹೊಲವೂ ಅಲುಗೀತೆಂಬ ಭಯದಲ್ಲಿ ಕ್ಯಾಂಪಿಗೆ ಕ್ಯಾಂಪೇ ಬದುವಿನ ಮೇಲೆ ಬಂದು ನಿಂತಿತ್ತು. ಅಮರಮ್ಮ ದೊಡ್ಡಿಯ ನಾಲ್ವರು ಹೆಂಗಸರ ಜೊತೆ ಬಂದಿದ್ದಳು.

ಎರಡನೇ ಸರಪಳಿ ಎಳೆಯುವಾಗ ಇಬ್ಬರು ಗಟ್ಟಿ ಆಳುಗಳು ಬಂದು ಅದರ ಮೇಲೆ ಕಾಲಿಟ್ಟು ನಿಂತರು. ಒಬ್ಬ ಕೂಗಿದ: “ಇದೆಲ್ಲ ನಿಮ್ಮ ನಿಜಾಮ ಮಾಡಿದ ಗಲೀಜು. ನೀನೇ ಬಂದಿದೀಯಾ ತೊಳೆಯೋಕೆ?”

ನಿಜಾಮರು ನನಗೆ ಒಂದು ಗುಂಟೆಯನ್ನೂ ಬಿಟ್ಟುಹೋಗಿರಲಿಲ್ಲ. ಆದರೂ ಆ ಹೆಸರಿನ ಹೊರೆ ನಮ್ಮಂಥವರ ತಲೆಯ ಮೇಲೆ ಯಾವಾಗ ಬೇಕಾದರೂ ಬೀಳುತ್ತಿತ್ತು. ನಾನು ಜಗಳಕ್ಕೆ ಹೋಗಲಿಲ್ಲ. ಸರಪಳಿಯ ಇನ್ನೊಂದು ತುದಿ ಹಿಡಿದು ನೆಲದ ಮೇಲೆ ಕುಳಿತೆ. “ನೀವು ಇಳಿಯೋ ತನಕ ನಾನು ಏಳೋದಿಲ್ಲ. ಬೇಕಾದ್ರ ಮಳಿಗಾಲ ಇಲ್ಲೇ ಕಳೀತೀನಿ” ಅಂದೆ. ಬಿಸಿಲು ನೆತ್ತಿಗೆ ಬಂತು. ಒಂದು ತಾಸು ಕಳೆಯಿತು. ಯಾರೂ ಮಿಸುಕಲಿಲ್ಲ. ಕೊನೆಗೆ ಸುಬ್ಬಯ್ಯನವರೇ ಮುಂದೆ ಬಂದು ತಮ್ಮವರನ್ನು ಗದರಿದರು: “ಕೊಲವನಿವ್ವಂಡ್ರಾ. ಅಳೆಯಲಿ ಬಿಡಿ. ಅಳೆದರೆ ಭೂಮಿ ಸವೆಯುತ್ತದಾ?”

ಹಳೆಯ ನಕಾಶೆಯ ವಾಯವ್ಯ ಮೂಲೆಯ ಬಾಂದಕಲ್ಲು ಸಿಗಲಿಲ್ಲ. ಗದ್ದೆ ಮಟ್ಟ ಮಾಡುವಾಗ ಕಿತ್ತುಹೋಗಿರಬೇಕೆಂದು ನಾನು ಬರೆದುಕೊಳ್ಳುತ್ತಿದ್ದಾಗ ಅಮರಮ್ಮ ನನ್ನ ಆಳಿನ ಕೈಯಿಂದ ಹಾರೆ ಇಸಿದುಕೊಂಡಳು. ಬದುವಿನ ಉದ್ದಕ್ಕೂ ಹೆಜ್ಜೆ ಹಾಕಿ, ಒಂದು ಕಡೆ ನಿಂತು, “ಇಲ್ಲಿ ನಮ್ಮವ್ವ ಬುತ್ತಿ ಬಿಚ್ಚತಿದ್ಲು” ಎಂದು ಹಾರೆ ಹೊಡೆದಳು. ಮೂರನೆಯ ಏಟಿಗೆ ಕಲ್ಲಿನ ಸದ್ದು ಬಂತು. ಅಗೆದು ನೋಡಿದರೆ ಗುರುತು ಕೊರೆದ ಬಾಂದಕಲ್ಲು. ಅಲ್ಲಿಂದ ಎಳೆದ ಸರಪಳಿ ಹಳೆಯ ನಕಾಶೆಗೆ ಕೊಂಡಿ ತಪ್ಪದೆ ಕೂತಿತು.

ಸುಬ್ಬಯ್ಯ ಬಂದು ಆ ಕಲ್ಲಿನ ಮೇಲಿನ ಮಣ್ಣನ್ನು ಕೈಯಿಂದ ಒರೆಸಿದರು.

“ಅಮ್ಮಾ, ನಾನು ಯಾರ ಹತ್ರಾನೂ ಕದ್ದಿಲ್ಲ. ನಾನು ಬಂದಾಗ ಇಲ್ಲಿ ಜಾಲಿಮುಳ್ಳು ಬಿಟ್ಟರೆ ಏನೂ ಇಲ್ಲ. ಆ ಮುಳ್ಳು ಕಡಿಯೋವಾಗ ಹಾವು ಕಚ್ಚಿ ನನ್ನ ತಮ್ಮ ಇದೇ ನೆಲದಲ್ಲಿ ಪ್ರಾಣ ಬಿಟ್ಟ. ಇದನ್ನು ಹೊಲ ಮಾಡಿದ್ದು ನಾವು.”

“ನೀ ಕದ್ದೀ ಅಂತ ನಾ ಅಂದಿಲ್ಲಪ್ಪ” ಅಂದಳು ಅಮರಮ್ಮ. “ಜಾಲಿ ಇತ್ತು ಅಂತೀ. ಬಿತ್ತಾವರನ್ನ ಎಬ್ಬಿಸಿ ಕಳಿಸಿದ್ರ ಹೊಲದಾಗ ಜಾಲಿ ಬೆಳೀದ ಏನು ಬೆಳೀತದ? ನಿನ್ನ ತಮ್ಮ ಹೋದದ್ದು ಕೇಳಿ ನನಗೂ ಸಂಕಟ ಆತು. ಆದ್ರ ನಿನ್ನ ದುಃಖ ಮುಂದ ಮಾಡಿ ನನ್ನ ಹೊಲ ಇಟ್ಗೊಬ್ಯಾಡ.”

ಸುಬ್ಬಯ್ಯ ಅಳತೆಯ ಪಂಚನಾಮೆಗೆ ಸಹಿ ಹಾಕಿದರು. ನ್ಯಾಯ ಎಂಬುದು ಯಾವಾಗಲೂ ಕಳ್ಳನಿಗೂ ಸಾಚಾನಿಗೂ ನಡುವಿನ ಜಗಳ ಎಂದುಕೊಂಡಿದ್ದ ನನಗೆ ಆ ದಿನ ಇಬ್ಬರು ಸಾಚಾ ಮನುಷ್ಯರ ನಡುವೆ ಸರಪಳಿ ಹಿಡಿದು ನಿಲ್ಲುವುದು ಬಹಳ ಕಷ್ಟವಾಯಿತು.

ಅದಾದ ಎರಡು ವಾರಕ್ಕೆ ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ನಾನು ಮನೆಗೆ ಬಂದಾಗ ವೀರಭದ್ರಪ್ಪ ಬಾಗಿಲಲ್ಲಿ ಕಾದಿದ್ದ. ಒಳಗೆ ಕರೆದು ಕೂರಿಸಿದೆ. ಬಟ್ಟೆಯಲ್ಲಿ ಸುತ್ತಿದ್ದ ಕಾಗದವೊಂದನ್ನು ತೆಗೆದು ಮುಂದಿಟ್ಟ. ಅದು ತಿಮ್ಮಣ್ಣ ಬರೆದುಕೊಟ್ಟ ರಾಜೀನಾಮೆ. ನೌಕರಿ ಬಿಡುವ ರಾಜೀನಾಮೆಯಲ್ಲ. ಹೊಲದ ಹಕ್ಕು ಬಿಟ್ಟುಕೊಡುವ ಪತ್ರಕ್ಕೂ ನಮ್ಮಲ್ಲಿ ಅದೇ ಹೆಸರು. ‘ಈ ಜಮೀನನ್ನು ನಾನು ಸ್ವಂತ ಖುಷಿಯಿಂದ ಗೌಡರಿಗೆ ಬಿಟ್ಟಿದ್ದೇನೆ’ ಎಂಬ ಉರ್ದು ಬರಹ, ಕೆಳಗೆ ಹೆಬ್ಬೆಟ್ಟು.

ನಾನು ಬರಹ ಓದುವ ಮೊದಲೇ ಬರೆದ ಕೈಯನ್ನು ಗುರುತಿಸಿದೆ. ಆ ಅಕ್ಷರಗಳ ಬಾಲ, ಸಾಲಿನ ಕೊನೆಯಲ್ಲಿ ಮೇಲಕ್ಕೇರುವ ಆ ಬಾಗು ನನಗೆ ಬಾಲ್ಯದಿಂದ ಗೊತ್ತು. ಅದು ನನ್ನ ತಂದೆಯ ಬರಹ. ತಳದಲ್ಲಿ ಅವರ ಹೆಸರೂ ಇತ್ತು.

“ಗುರ್ತು ಹತ್ತೇದಲ್ಲ?” ಅಂದ ವೀರಭದ್ರಪ್ಪ. “ಇದನ್ನ ಎ.ಸಿ. ಮುಂದ ನೀವ ಓದಾವ್ರು. ಕಡೀ ಸಾಲು ಒಂದು ಬಿಟ್ಟುಹೋಗೇದ. ‘ಬರೆಸಿದವನಿಗೆ ಅವನ ಭಾಷಾದಾಗ ಓದಿ ಹೇಳೇದ’ ಅಂತ ಎಲ್ಲ ಕಾಗದದಾಗೂ ಇರ್ತದಲ್ರಿ? ಅದನ್ನೊಂದು ಸೇರ್ಸಿ ತರ್ಜುಮೆ ಮಾಡ್ರಿ. ಇಲ್ಲಂದ್ರ ನಿಮ್ಮಪ್ಪನ ಹೆಸರೂ ಕೆಡ್ತದ.” ಎದ್ದು ನಿಂತು, ಬಾಗಿಲ ಕಡೆ ತಿರುಗಿ, ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ: “ಗದ್ದಲದ ವರ್ಷ ನಿಮ್ಮ ಮನಿಯವ್ರು ಯಾರ ಅಟ್ಟದ ಮ್ಯಾಲ ಇದ್ರು, ನಿಮ್ಮವ್ವನ್ನ ಕೇಳ್ರಿ.”

ಕೇಳುವ ಅಗತ್ಯವಿರಲಿಲ್ಲ. ಅಮ್ಮಿ ಪಡಸಾಲೆಯ ಬಾಗಿಲ ಹಿಂದೆಯೇ ಕುಳಿತಿದ್ದರು. ಅವನು ಹೋದ ಮೇಲೆ ಎಲ್ಲ ಹೇಳಿದರು. 1948ರಲ್ಲಿ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ನಮ್ಮವರ ಮೇಲೆ ಸೇಡಿನ ಗಲಭೆಯೆದ್ದು ಊರು ಹೊತ್ತಿಕೊಂಡಾಗ, ಹಳೆಯ ಗೌಡ ನನ್ನ ತಂದೆತಾಯಿಯನ್ನೂ ಕೂಸಾಗಿದ್ದ ನನ್ನನ್ನೂ ಹದಿನೆಂಟು ದಿನ ತನ್ನ ಮನೆಯ ಅಟ್ಟದಲ್ಲಿ ಅಡಗಿಸಿ ಅನ್ನ ನೀರು ಕೊಟ್ಟಿದ್ದ. ಅದಾಗಿ ಕೆಲವು ವರ್ಷಕ್ಕೆ ಅದೇ ಗೌಡ ಬಂದು ಒಂದು ಕಾಗದ ಬರೆದುಕೊಡು ಎಂದಾಗ ತಂದೆ ಬರೆದುಕೊಟ್ಟಿದ್ದರು. ಅಂದು ಸಂಜೆ ತಂದೆ ಊಟ ಮಾಡಲಿಲ್ಲ ಎಂಬುದು ಅಮ್ಮಿಗೆ ನೆನಪಿತ್ತು. ಯಾಕೆಂದು ಅವರು ಹೇಳಿರಲಿಲ್ಲ.

“ಈಗ ನಾನೇನು ಮಾಡಲಿ?” ಅಂದೆ.

ಅಮ್ಮಿಗೆ ಎಪ್ಪತ್ತರ ಹತ್ತಿರ ಬಂದಿತ್ತು. ಬಿಡಿಸುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟರು. “ಪಢ್ ಕೋ ಸುನಾ ರೇ. ಡರ್ ನಕ್ಕೋ” ಅಂದರು. ಓದಿ ಹೇಳು, ಹೆದರಬೇಡ. ಮತ್ತೆ ತಮ್ಮ ದಖ್ಖನಿಯಲ್ಲೇ ಹೇಳಿದ ಮಾತಿನ ಸಾರ ಇಷ್ಟು: ಆ ಮನುಷ್ಯ ನಮ್ಮ ಜೀವ ಉಳಿಸಿದ್ದು ನಿಜ. ಅದರ ಋಣ ನಮ್ಮ ಮೇಲಿದೆ, ಆ ಹೆಣ್ಣುಮಗಳ ಮೇಲಿಲ್ಲ. ನಮ್ಮ ಋಣವನ್ನು ಅವಳ ಹೊಲದಿಂದ ತೀರಿಸಿದೆವು. ಅದು ಸಾಕು, ಇನ್ನೊಮ್ಮೆ ತೀರಿಸುವುದು ಬೇಡ.

ಮಾರನೆಯ ವಾರ ನಾನು ರಜೆ ಹಾಕಿ ಮತ್ತೆ ದಾಖಲೆ ಕೋಣೆಗೆ ಹೋದೆ. ಅದೇ ವರ್ಷ ತಂದೆ ಬರೆದ ಬೇರೆ ಪತ್ರಗಳನ್ನು ಹುಡುಕಿದೆ. ಐದು ಸಿಕ್ಕವು. ಅವುಗಳನ್ನು ಕಚೇರಿಯ ಮೂಲಕವೇ ವಿಚಾರಣೆಗೆ ತರಿಸಿಕೊಡಬೇಕೆಂದು ಪತ್ರ ಬರೆದೆ.

ರಾಯಚೂರಿನಲ್ಲಿ ವಿಚಾರಣೆ ನಡೆದ ದಿನ ಎ.ಸಿ. ಕಚೇರಿಯ ಜಗುಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಕ್ಯಾಂಪಿನವರು, ಇನ್ನೊಂದು ಕಡೆ ದೊಡ್ಡಿಯವರು. ಎ.ಸಿ. ಸಾಹೇಬರು ಮೈಸೂರು ಕಡೆಯವರು, ಮಿತಭಾಷಿ. ಮೊದಲು ಪಟ್ಟಾ ಓದಿದೆ. ಕುಲದ ಅಂಕಣ ಬಂದಾಗ ‘ಬೇಡರ್’ ಎಂದೇ ಓದಿದೆ. ವೀರಭದ್ರಪ್ಪನ ವಕೀಲ ಕುರ್ಚಿಯಿಂದ ಜಿಗಿದೆದ್ದ. ಈ ಹೆಸರು ಪಟ್ಟಿಯಲ್ಲಿಲ್ಲ, ಅರ್ಜಿ ವಜಾ ಆಗಬೇಕು ಅಂದ. ಅಷ್ಟಕ್ಕೇ ಬಿಡದೆ, “ಇವರ ಮಂದಿ ಹಿಂದೆ ಸಂಸ್ಥಾನ ಆಳಿದವರು ಸ್ವಾಮಿ, ಇವರಿಗೆ ಯಾವ ಅನ್ಯಾಯ ಆಗಿದೆ?” ಎಂದು ನಕ್ಕ.

ಕೈಕಟ್ಟಿ ನಿಂತಿದ್ದ ಅಮರಮ್ಮ ಕೈ ಬಿಚ್ಚಿದಳು. “ಆಳಿದವ್ರು ಯಾರೋ ಗೊತ್ತಿಲ್ರಿ. ನಮ್ಮಪ್ಪ ಏಳೂವರಿ ಎಕ್ರಿ ಉತ್ತಾನ. ಅದರದ್ದು ಕೇಳಾಕ ಬಂದೀನಿ.”

ಆಮೇಲೆ ರಾಜೀನಾಮೆ ಪತ್ರ. ಮೊದಲಿನಿಂದ ಕೊನೆಯ ತನಕ, ಇದ್ದದ್ದನ್ನು ಇದ್ದಂತೆ ಓದಿದೆ. ಬರೆದವರ ಹೆಸರು ಓದಿ ಹೇಳಿದೆ: “ಸರ್, ಇವರು ನನ್ನ ತಂದೆ.”

ಹಾಗಾದರೆ ಈ ಸಾಕ್ಷಿ ನಂಬಲು ಅರ್ಹನಲ್ಲ ಎಂದು ವಕೀಲ ಕೂಗಿದ. ನಾನು ಆ ಐದು ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಆರನೆಯದಾಗಿ ರಾಜೀನಾಮೆಯನ್ನು ಇಟ್ಟೆ. “ಸರ್, ನನ್ನನ್ನು ನಂಬಬೇಡಿ. ತಾವೇ ನೋಡಿ. ಐದರಲ್ಲೂ ಹೆಬ್ಬೆಟ್ಟಿನ ಮೇಲೆ ಒಂದೇ ಸಾಲು ಇದೆ. ‘ಓದಿ ಹೇಳಲಾಯಿತು, ಕೇಳಿ ಒಪ್ಪಿದ’ ಅಂತ. ಆರನೆಯದರಲ್ಲಿ ಆ ಸಾಲು ಇಲ್ಲ.”

ಉರ್ದು ಬಾರದ ಕಣ್ಣಿಗೂ ಅದು ಕಾಣುತ್ತಿತ್ತು. ಐದು ಕಾಗದಗಳಲ್ಲಿ ಒಂದೇ ಆಕಾರದ ಸಾಲು, ಆರನೆಯದರಲ್ಲಿ ಎರಡು ಬೆರಳಿನಷ್ಟು ಬರಿದು. ಎ.ಸಿ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಬದುವಿನ ಮೇಲೆ ಅಮರಮ್ಮನ ಜೊತೆ ವಾದಿಸಿದ್ದ ಸುಬ್ಬಯ್ಯನವರೂ ಎದ್ದು ಬಂದು ಇಣುಕಿದರು. ಅನಂತರ ವೀರಭದ್ರಪ್ಪನ ಕಡೆ ತಿರುಗಿ ಒಂದೇ ಮಾತು ಕೇಳಿದರು: “ಇದನ್ನಾ ನೀವು ನನಗೆ ಮಾರಿದ್ದು?”

ವೀರಭದ್ರಪ್ಪನಿಗೆ ಸಿಟ್ಟು ಬಂದಿತ್ತು. “ನಮ್ಮಪ್ಪ ಸತ್ತಾನ, ಈ ಸಾಹೇಬ್ರ ಅಪ್ಪ ಸತ್ತಾನ, ಆಕಿ ಅಪ್ಪನೂ ಸತ್ತಾನ. ಸತ್ತವ್ರು ಮಾಡಿದ್ದಕ್ಕ ನಮ್ಮನ್ಯಾಕ ಕೇಳ್ತೀರಿ?”

“ಸತ್ತವ್ರು ಹೊಲ ಉಣ್ಣಾಕತ್ತಿಲ್ಲಲ್ರಿ ಸಾಹುಕಾರ್ರ” ಅಂದಳು ಅಮರಮ್ಮ. “ಉಣ್ಣಾಕತ್ತವ್ರು ಜೀವಂತ ಅದೀರಿ.”

ಆದೇಶ ಬರಲು ಏಳು ತಿಂಗಳು ಹಿಡಿಯಿತು. ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ 1978ರ ಕಾಯ್ದೆ ಅಮರಮ್ಮನಿಗೆ ಅನ್ವಯಿಸಲಿಲ್ಲ. ನನ್ನ ಓದಿನಿಂದಲೇ ಆಕೆ ಸೋತಳು. ಆದರೆ ಪಟ್ಟಾದ ಷರತ್ತು ಮುರಿದಿದೆ, ಮೋಸದಿಂದ ಹೆಬ್ಬೆಟ್ಟು ಪಡೆಯಲಾಗಿದೆ ಎಂದು ಸಾಹೇಬರು ಬರೆದು, ಜಮೀನನ್ನು ಸರ್ಕಾರಕ್ಕೆ ವಾಪಸು ಪಡೆಯಲು ಆಜ್ಞೆ ಮಾಡಿದ್ದರು. ಯಾರಿಗೆ ಮರುಮಂಜೂರು ಮಾಡಬೇಕೆಂಬುದನ್ನು ಮುಂದೆ ತೀರ್ಮಾನಿಸಬೇಕು. ಸರ್ಕಾರದಲ್ಲಿ ‘ಮುಂದೆ’ ಅಂದರೆ ಎಷ್ಟು ದೂರ ಎಂದು ನನಗೆ ಗೊತ್ತಿತ್ತು. ಅಮರಮ್ಮನಿಗೂ ಗೊತ್ತಿತ್ತು.

1985ರ ಮುಂಗಾರಿನ ಮೊದಲ ಹದಕ್ಕೆ ಆಕೆ ದೊಡ್ಡಿಯ ಮೂವತ್ತು ಮಂದಿಯನ್ನೂ ನಾಲ್ಕು ಜೋಡಿ ಎತ್ತನ್ನೂ ಕಟ್ಟಿಕೊಂಡು ಬಂದು ಆ ಹೊಲ ಹರಗಿ ಜೋಳ ಬಿತ್ತಿಬಿಟ್ಟಳು. ಸುತ್ತ ಭತ್ತದ ಸಸಿಮಡಿ, ನಡುವೆ ಜೋಳ. ಕ್ಯಾಂಪಿನವರು ಅಡ್ಡ ಬರಲಿಲ್ಲ. ಅವರ ಸಿಟ್ಟು ದಿಕ್ಕು ಬದಲಿಸಿತ್ತು. ಕ್ಯಾಂಪಿನ ಒಬ್ಬ ರೈತನೂ ಆ ವರ್ಷ ವೀರಭದ್ರಪ್ಪನ ಮಿಲ್ಲಿಗೆ ಒಂದು ಚೀಲ ಭತ್ತ ಹಾಕಲಿಲ್ಲ. ಸುಬ್ಬಯ್ಯನಿಗೆ ಬದಲಿ ಜಮೀನು ಕೊಡುವ ತನಕ ಹಾಕುವುದಿಲ್ಲ ಎಂದು ಕೂತರು. ಎರಡು ಸುಗ್ಗಿ ಮಿಲ್ಲು ಅರೆಹೊಟ್ಟೆಯಲ್ಲಿ ಓಡಿದ ಮೇಲೆ ವೀರಭದ್ರಪ್ಪ ತನ್ನ ಸ್ವಂತ ಪಟ್ಟಾದಲ್ಲಿ ಏಳು ಎಕರೆ ಸುಬ್ಬಯ್ಯನ ಹೆಸರಿಗೆ ಮಾಡಿಕೊಟ್ಟ.

ಇತ್ತ ಆಕೆ ಜೋಳ ಬಿತ್ತಿದ ವಾರವೇ ತಹಸೀಲ್ದಾರರು ನನ್ನನ್ನು ಕರೆದು, ಸರ್ಕಾರಿ ಜಮೀನು ಅತಿಕ್ರಮಣವಾಗಿದೆ, ವರದಿ ಕೊಡಿ ಅಂದರು. ನಿಗದಿತ ನಮೂನೆಯಲ್ಲಿ ‘ಅಧಿಕಾರವಿಲ್ಲದೆ ಜಮೀನು ಪ್ರವೇಶಿಸಿದವರ ವಿವರ’ ಎಂಬ ಕಾಲಂ ಇತ್ತು. ನಾನು ಕಾಲಾನುಕ್ರಮದಲ್ಲಿ ಬರೆದೆ. ಮೊದಲನೆಯ ಹೆಸರು ಹಳೆಯ ಗೌಡನದು. ಪ್ರವೇಶಕ್ಕೆ ನೆರವಾದ ಪತ್ರ ಬರೆದವರು ನನ್ನ ತಂದೆ, ಹೆಸರು ಸಹಿತ. ಎರಡನೆಯದು ಅವನ ಮಾತು ನಂಬಿ ಕೊಂಡ ಸುಬ್ಬಯ್ಯನವರದು. ಅಮರಮ್ಮನ ಹೆಸರಿನ ಮುಂದೆ ‘ಹೊರಹಾಕಲ್ಪಟ್ಟವರು, ಹಿಂದಿರುಗಿದ್ದಾರೆ’ ಎಂದು ಬರೆದು ಸಹಿ ಹಾಕಿದೆ.

ತಹಸೀಲ್ದಾರರು ಓದಿ ತಲೆ ಹಿಡಿದುಕೊಂಡರು. “ಖಾದರ್, ನಾನು ಕೇಳಿದ್ದು ಈ ವಾರದ ಅತಿಕ್ರಮಣ.”

“ಸರ್, ನಮೂನೆಯಲ್ಲಿ ವಾರ ಅಂತ ಇಲ್ಲ.”

ತಿಂಗಳೊಳಗೆ ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಆ ವರದಿಯನ್ನು ತಿದ್ದಲು ಎರಡು ಸಲ ಹೇಳಿಕಳಿಸಿದರು. ತಿದ್ದಲಿಲ್ಲ. ಒಂದು ಇನ್‌ಕ್ರಿಮೆಂಟ್ ಹೋಯಿತು, ಅದು ಮತ್ತೆ ಬರಲಿಲ್ಲ. 1987ರಲ್ಲಿ ಅಮರಮ್ಮನ ಹೆಸರಿಗೆ ನಾಲ್ಕು ಎಕರೆ ಮರುಮಂಜೂರಾಯಿತು. ಉಳಿದ ಮೂರೂವರೆ ಎಕರೆ ಬಹಳ ಕಾಲ ಸರ್ಕಾರದ ಹೆಸರಲ್ಲೇ ಇತ್ತು. ಆಕೆ ಅದನ್ನೂ ಬಿತ್ತುತ್ತಿದ್ದಳು, ಯಾರನ್ನೂ ಕೇಳದೆ. ಇನ್ನೂ ಕೆಲವು ವರ್ಷ ಕಳೆದ ಮೇಲೆ ಬೇಡರ ಹೆಸರೂ ಪಟ್ಟಿಗೆ ಸೇರಿತು. ಸುದ್ದಿ ತಿಳಿಸಲು ನಾನು ಪತ್ರ ಬರೆದೆ. ಓದಿಸಿಕೊಂಡ ಆಕೆ ಅಂದದ್ದನ್ನು ಆಕೆಯ ತಮ್ಮ ನನಗೆ ಹೇಳಿದ: “ಈಗ ಗೊತ್ತಾತೇನು ಅವರಿಗೆ?”

ತಂದೆಯ ಬಗ್ಗೆ ಜನ ನನ್ನನ್ನು ಕೇಳಿದ್ದುಂಟು. ಆ ಸಾಲನ್ನು ಅವರು ಮರೆತು ಬಿಟ್ಟರೋ ಬೇಕೆಂದು ಬಿಟ್ಟರೋ ಎಂದು. ಸಾಲು ಮರೆಯುವ ಮನುಷ್ಯ ಅವರಲ್ಲ. ಪತ್ರ ಬರೆಯುವುದಿಲ್ಲ ಎನ್ನುವಷ್ಟು ಧೈರ್ಯ ಅವರಿಗೆ ಬರಲಿಲ್ಲ. ಓದಿ ಹೇಳಿದೆ ಎಂದು ಸುಳ್ಳು ಬರೆಯುವಷ್ಟು ಕೆಳಗೂ ಅವರು ಇಳಿಯಲಿಲ್ಲ. ಆ ನಡುವಿನ ಜಾಗದಲ್ಲಿ ಒಂದು ಸಂಸಾರ ಹೊಲ ಕಳೆದುಕೊಂಡಿತು. ನಾನು ಅವರನ್ನು ಪ್ರೀತಿಸುತ್ತೇನೆ, ಇದನ್ನೂ ಹೇಳುತ್ತೇನೆ.

ಮೂವತ್ತಾರು ವರ್ಷ ಸರಪಳಿ ಎಳೆದು ನಾನು ಕಲಿತದ್ದು ದೊಡ್ಡದೇನಲ್ಲ. ಅಪ್ಪ ಮಾಡಿದ ತಪ್ಪಿಗೆ ಮಗ ಅಪರಾಧಿಯಾಗುವುದಿಲ್ಲ. ಆದರೆ ಅಪ್ಪ ಬರೆದದ್ದನ್ನು ಓದಬಲ್ಲವನು ಮಗನೊಬ್ಬನೇ ಉಳಿದಿರುವಾಗ, ಓದದೆ ಸುಮ್ಮನಿದ್ದರೆ ಆ ತಪ್ಪು ಅಂದಿನಿಂದ ಅವನದೇ.